ಕಿರುಗಣಕಕ್ಕೆ ಕರ್ನೆಲ್ ಒಗ್ಗುವ ಬಗೆ

ಅಂಗೈಯಗಲದ ಒಂದು ಫಲಕ. ಅದರ ಮೇಲೆಯೇ ಸಂಸ್ಕಾರಕ, ಸ್ಮೃತಿ, ತಂತಿ ಸಿಕ್ಕಿಸುವ ಮೊಳೆಗಳ ಸಾಲು, ಒಂದು ಪುಟ್ಟ ದೀಪ. ಇಂಗ್ಲೆಂಡಿನ ಕೇಂಬ್ರಿಜ್ ನಗರದಲ್ಲಿ ರೂಪುಗೊಂಡು 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಗಣಕವು ಇಂತಹುದು. ಶಾಲೆಯ ಮಕ್ಕಳು ಕೈಯಾಡಿಸಿ ಕಲಿಯಲೆಂದು 35 ಡಾಲರ್ ಬೆಲೆಗೆ ಇದನ್ನು ಮಾಡಿದರು. ಹವ್ಯಾಸಿಗಳೂ ಮುಗಿಬಿದ್ದು ಕೊಂಡರು. ಹೊಸ ಫಲಕವೊಂದು ಬಂದಾಗ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿಗೆ ಅದರ ಪರಿಚಯ ಮಾಡಿಕೊಡುವುದು ಹೇಗೆಂಬುದನ್ನು ಇಲ್ಲಿ ನೋಡೋಣ.

ಯಂತ್ರದ ಭಾಗಗಳಿಗೂ ನಾವು ನಡೆಸುವ ಕ್ರಮವಿಧಿಗಳಿಗೂ ನಡುವೆ ನಿಂತು ವ್ಯವಹಾರ ನಡೆಸತಕ್ಕದ್ದು ಕರ್ನೆಲ್. ಮೇಜಿನ ಗಣಕದಲ್ಲಿ ಅದಕ್ಕೆ ಹೆಚ್ಚಿನ ಪರಿಚಯ ಬೇಕಾಗದು. ಅಲ್ಲಿ ಪಿಸಿಐ ಎಂಬ ಮಾರ್ಗಕ್ಕೆ ಜೋಡಿಸಿದ ಪ್ರತಿಯೊಂದು ಸಾಧನವೂ ಕೇಳಿದೊಡನೆ ತಾನು ಯಾರು, ತನ್ನ ತಯಾರಕನು ಯಾರು ಎಂಬುದನ್ನು ಸಂಖ್ಯೆಗಳಲ್ಲಿ ತಿಳಿಸುತ್ತದೆ. ಕಿರುಗಣಕದ ಬಿಲ್ಲೆಯೊಳಗಿನ ಸಾಧನಗಳಾದರೋ ಮೂಕ. ವಿಳಾಸಗಳ ಉದ್ದನೆಯ ಸಾಲಿನಲ್ಲಿ ಎಲ್ಲೋ ಒಂದೆಡೆ ಅವು ಸುಮ್ಮನೆ ಕುಳಿತಿರುತ್ತವೆ. ಸರಿಯಾದ ವಿಳಾಸದಲ್ಲಿ ಸರಿಯಾದ ಸಂಖ್ಯೆಯನ್ನು ಬರೆದರೆ ದೀಪ ಹೊತ್ತಿಕೊಳ್ಳುತ್ತದೆ. ತಪ್ಪಿದರೆ ಏನೂ ಆಗದಿರಬಹುದು, ಯಂತ್ರವೇ ಸ್ತಬ್ಧವಾಗಲೂಬಹುದು. ಮನೆಗಳಿಗೆ ಸಂಖ್ಯೆಯಿಲ್ಲದ, ಕೂಗಿದರೆ ಯಾರೂ ಓಗೊಡದ ಊರಿಗೆ ಹೊಸ ಅಂಚೆಯವನು ಬಂದಂತೆ.

ಮೊದಲು ಇದಕ್ಕಿದ್ದ ಉಪಾಯ ಸರಳವಾದುದು, ಆದರೆ ಒರಟು. ಪ್ರತಿ ಫಲಕಕ್ಕೂ ಒಂದು ನೋಂದಣಿ ಸಂಖ್ಯೆ. ಅದರ ವಿಳಾಸಗಳನ್ನೆಲ್ಲ ಸಿ ಭಾಷೆಯಲ್ಲಿ ಬರೆದು ಕರ್ನೆಲ್ಲಿನೊಳಗೇ ತುರುಕುವುದು. ಪೈ ಗಣಕದ ಜೊತೆಯಲ್ಲಿ ಬಂದ ಮೊದಲ ಕರ್ನೆಲ್ ಕೂಡ ಹೀಗೆಯೇ ಇತ್ತು. ಅದರ ಸಂಖ್ಯೆ 3138 ಎಂದರೆ ಈ ಪಟ್ಟಿ ಎಷ್ಟು ಬೆಳೆದಿತ್ತೆಂಬುದನ್ನು ಊಹಿಸಿಕೊಳ್ಳಬಹುದು! 2011ರ ಮಾರ್ಚಿನಲ್ಲಿಯೇ ಲಿನಕ್ಸಿನ ಜನಕರಾದ ಲಿನಸ್ ಟೋರ್ವಾಲ್ಡ್ಸ್ ಎಆರ್‌ಎಂ ಸಂಸ್ಕಾರಕಗಳ ವಿಭಾಗದ ಈ ಗೊಂದಲವನ್ನು ಬಹು ಕಟುವಾಗಿ ಆಕ್ಷೇಪಿಸಿದ್ದರು. ಆಕ್ಷೇಪ ನ್ಯಾಯವಾದುದೇ ಎಂದು ನಮಗೆ ತೋರುತ್ತದೆ. ತಯಾರಕನು ತನ್ನಲ್ಲಿಯೇ ತಿದ್ದಿಟ್ಟುಕೊಂಡ ಕರ್ನೆಲ್ ಅವನ ಆಸಕ್ತಿ ಇರುವವರೆಗೆ ಮಾತ್ರ ಬದುಕುತ್ತದೆ. ಆಮೇಲೆ ಅದರ ಭದ್ರತೆಯ ಲೋಪಗಳನ್ನು ಮುಚ್ಚುವವರಿಲ್ಲ. ಕೆಡದೆ ಇರುವ ಫಲಕವೂ ಮೂಲೆ ಸೇರುತ್ತದೆ.

ಪರಿಹಾರ ಹೊಸದಾಗಿ ಹುಟ್ಟಬೇಕಾಗಿರಲಿಲ್ಲ. ಸನ್ ಮತ್ತು ಆಪಲ್ ಕಂಪನಿಗಳ ಹಳೆಯ ಯಂತ್ರಗಳಲ್ಲಿ ಓಪನ್ ಫರ್ಮ್‌ವೇರ್ ಎಂಬ ಏರ್ಪಾಡು ಬಳಸುತ್ತಿದ್ದ ಸಾಧನವೃಕ್ಷವನ್ನೇ, ಅಂದರೆ ಡಿವೈಸ್ ಟ್ರೀಯನ್ನೇ, ಇಲ್ಲಿಗೂ ತಂದರು. ಇದು ಆದೇಶಗಳ ಸಾಲಲ್ಲ, ಬರಿಯ ವರ್ಣನೆ: ಇಂತಹ ಸಾಧನ ಇಂತಹ ವಿಳಾಸದಲ್ಲಿದೆ, ಅದರ ಕರೆ ಇಂತಹ ಸಂಖ್ಯೆಯ ತಂತಿಯಲ್ಲಿ ಬರುತ್ತದೆ, ಅದಕ್ಕೆ ಇಂತಹ ಹೆಸರು. ಗಣಕವನ್ನು ಎಬ್ಬಿಸುವ ಕಿರು ಕ್ರಮವಿಧಿಯು ಈ ವರ್ಣನೆಯನ್ನು ಸ್ಮೃತಿಯಲ್ಲಿರಿಸಿ, ಅದು ಎಲ್ಲಿದೆಯೆಂಬುದನ್ನು ಕರ್ನೆಲ್ಲಿಗೆ ತಿಳಿಸುತ್ತದೆ. ಕರ್ನೆಲ್ ಹೆಸರನ್ನು ಓದಿ, ತನ್ನಲ್ಲಿರುವ ಚಾಲಕಗಳಲ್ಲಿ ಅದಕ್ಕೆ ಹೊಂದುವುದನ್ನು ಹುಡುಕುತ್ತದೆ. ಪೈ ಗಣಕದ ಸರಣಿ ಸಂಪರ್ಕದ ಮಂಡಲ ಪಿಎಲ್011 ಎಂಬುದು. ಎಆರ್‌ಎಂ ಕಂಪನಿಯ ಈ ವಿನ್ಯಾಸ ಇನ್ನೆಷ್ಟೋ ಬಿಲ್ಲೆಗಳಲ್ಲಿಯೂ ಉಂಟು. ಆದುದರಿಂದ ಅದರ ಚಾಲಕ ಆಗಲೇ ಸಿದ್ಧವಾಗಿತ್ತು. ವಿಳಾಸ ಹೇಳಿದರೆ ಸಾಕಾಯಿತು.

ಇದರ ಪ್ರಯೋಜನ 2015ರಲ್ಲಿ ಚೆನ್ನಾಗಿ ಕಂಡಿತು. ಮೊದಲ ಪೈ ಗಣಕದಲ್ಲಿ ಸಾಧನಗಳ ವಿಳಾಸಗಳು 512 ಮೆಗಾಬೈಟಿನ ಗಡಿಯಿಂದ ಆರಂಭವಾಗುತ್ತಿದ್ದುವು. ಎರಡನೆಯ ಪೈಗೆ 1024 ಮೆಗಾಬೈಟ್ ಸ್ಮೃತಿ ಬಂದಿತು. ಹಳೆಯ ಜಾಗವನ್ನು ಸ್ಮೃತಿಯೇ ಆಕ್ರಮಿಸಿತು. ಸಾಧನಗಳೆಲ್ಲ 1008ರ ಗಡಿಗೆ ವಲಸೆಹೋದುವು. ಗಡಿಯಿಂದ 2 ಮೆಗಾಬೈಟ್ ಆಚೆಗಿದ್ದ ಮೊಳೆಗಳ ನಿಯಂತ್ರಕ ಈಗಲೂ 2 ಮೆಗಾಬೈಟ್ ಆಚೆಗೇ ಇದೆ. ಹಿಂದೆ 514, ಈಗ 1010. ಇಡೀ ಬೀದಿಯ ಸ್ಥಳಾಂತರವನ್ನು ವೃಕ್ಷದ ಒಂದೇ ಸಾಲು ಹೇಳಿ ಮುಗಿಸುತ್ತದೆ. ಚಾಲಕಗಳಿಗೆ ಈ ಸುದ್ದಿ ತಟ್ಟುವುದೂ ಇಲ್ಲ.

ಆದರೆ ಕರ್ನೆಲ್ ಹೇಳಿದ್ದನ್ನೆಲ್ಲ ನಂಬುತ್ತದೆಂಬುದನ್ನು ಮರೆಯಬಾರದು. ಮೊದಲ ಬಿ ಮಾದರಿಯಲ್ಲಿ ಹಸುರು ದೀಪ 16ನೆಯ ಮೊಳೆಗೆ ಸೇರಿದ್ದು, ವಿದ್ಯುತ್ ಮಟ್ಟ ತಗ್ಗಿದಾಗ ಉರಿಯುತ್ತಿತ್ತು. 2014ರ ಬಿ ಪ್ಲಸ್ ಮಾದರಿಯಲ್ಲಿ ಅದು 47ಕ್ಕೆ ಸೇರಿ, ಮಟ್ಟ ಏರಿದಾಗ ಉರಿಯತೊಡಗಿತು. ಸಂಖ್ಯೆಯನ್ನು ಮಾತ್ರ ತಿದ್ದಿ ಏರುತಗ್ಗನ್ನು ಮರೆತರೆ, ಆರಬೇಕಾದಾಗ ದೀಪ ಉರಿಯುತ್ತದೆ. ಕರ್ನೆಲ್ಲಿಗೆ ಇದರಲ್ಲಿ ತಪ್ಪೇನೂ ಕಾಣದು.

ಹೊಸ ಫಲಕದ ಮೇಲೆ ಕೆಲಸಕ್ಕೆ ಕುಳಿತವರು ಮೊದಲು ಬಯಸುವುದು ಚಿತ್ರವನ್ನಲ್ಲ, ಧ್ವನಿಯನ್ನೂ ಅಲ್ಲ; ಸರಣಿ ತಂತಿಯಲ್ಲಿ ಹರಿದುಬರುವ ಒಂದು ಸಾಲು ಅಕ್ಷರವನ್ನು. ಪೈಯಲ್ಲಿ ಇದಕ್ಕೆ 14 ಮತ್ತು 15ನೆಯ ಮೊಳೆಗಳು; ವೇಗ ಸಾಮಾನ್ಯವಾಗಿ ಸೆಕೆಂಡಿಗೆ 115200 ಬಿಟ್. (ಈ ಮೊಳೆಗಳು 3.3 ವೋಲ್ಟಿನವು, 5 ವೋಲ್ಟ್ ತಗುಲಿಸಿದರೆ ಬಿಲ್ಲೆಯೇ ಕೆಡಬಹುದು.) ಆ ಸಾಲು ಬರುವವರೆಗೆ ಕರ್ನೆಲ್ ಎಲ್ಲಿ ಎಡವಿತೆಂದು ತಿಳಿಯುವುದೇ ಕಷ್ಟ. ಬಂದಮೇಲೆ ಉಳಿದ ಸಾಧನಗಳನ್ನು ಒಂದೊಂದಾಗಿ ಎಬ್ಬಿಸಬಹುದು.

2012ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 3.7ರಲ್ಲಿ ಪೈ ಬಿಲ್ಲೆಗೆ ದೊರೆತದ್ದು ಇಂತಹ ಪ್ರಾಥಮಿಕ ಬೆಂಬಲ ಮಾತ್ರ. ಸ್ಮೃತಿಪತ್ರವನ್ನು ಓದುವ ಚಾಲಕ ಮುಂದಿನ ವರ್ಷ ಸೇರಿತು. ಪರದೆಯ ಮೇಲೆ ಚಿತ್ರ ಬಿಡಿಸುವ ಚಾಲಕ ಸೇರುವಷ್ಟರಲ್ಲಿ 2016ರ ಜನವರಿಯಾಗಿ, ಲಿನಕ್ಸಿನ ಸಂಖ್ಯೆ 4.4 ತಲುಪಿತ್ತು.