ಬದುವಿನ ಬಿಳಿ ಹೂವು, ಮೈಯೆಲ್ಲ ತುರಿಕೆ

ಹೊಲಕ್ಕೆ ಹೋಗಿ ಬಂದರೆ ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಕೆಂಪಾಗಿ ತುರಿಸುತ್ತದೆ. ನಾಲ್ಕು ದಿನ ಬೇರೆ ಊರಿನಲ್ಲಿದ್ದರೆ ಕಡಿಮೆ. ಮರಳಿದರೆ ಮತ್ತೆ ಅದೇ ಗೋಳು. ಬಿಸಿಲಿನ ತೊಂದರೆ ಎಂದೋ ಹುಳುಕಡ್ಡಿ ಎಂದೋ ತಿಳಿದು, ಅಂಗಡಿಯ ಮುಲಾಮು ಹಚ್ಚುತ್ತ ವರ್ಷಗಟ್ಟಲೆ ನರಳುವವರಿದ್ದಾರೆ. ಕಾರಣ ಬದುವಿನ ಮೇಲೇ ಇರಬಹುದು. ಅದೇ ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಹುಲ್ಲು.

ಅಮೆರಿಕ ಖಂಡದ ಉಷ್ಣವಲಯದ ಈ ಕಳೆಯನ್ನು 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಲಾಯಿತು. ನಂತರ ಅದು ದೇಶವೆಲ್ಲ ಹಬ್ಬಿತು. ಗಿಡದ ಸೂಕ್ಷ್ಮ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಒಣಗಿದ ಎಲೆ, ಹೂವಿನ ಪುಡಿ ಗಾಳಿಯಲ್ಲಿ ತೇಲಿಬಂದು ಚರ್ಮಕ್ಕೆ ತಗಲುತ್ತದೆ. ಪರಾಗದಿಂದ ಕೆಲವರಿಗೆ ಸೀನು, ನೆಗಡಿ, ಉಬ್ಬಸವೂ ಬರುತ್ತದೆ. ಮೊದಲ ದಿನವೇ ಅಲರ್ಜಿ ಕಾಣದು. ತಿಂಗಳು, ವರ್ಷಗಳ ಒಡನಾಟದ ನಂತರ ಕಾಣಿಸಿಕೊಳ್ಳುತ್ತದೆ. ಒಮ್ಮೆ ಬಂದರೆ ಸಾಮಾನ್ಯವಾಗಿ ಬಿಡುವುದಿಲ್ಲ. ಆದರೆ ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಕಳೆ ಎಲ್ಲಿದೆ ಎಂದು ಮನೆಯವರೇ ಸಮೀಕ್ಷೆ ಮಾಡಬಹುದು. ನಾಲ್ಕು ಕಡ್ಡಿ ಜೋಡಿಸಿ ಒಂದು ಮೀಟರ್ ಅಳತೆಯ ಚೌಕ ಮಾಡಿಕೊಳ್ಳಿ. ಬೆಳೆಯ ನಡುವೆ, ಬದು, ಕಾಲುವೆ ಅಂಚು, ತಿಪ್ಪೆ, ಖಾಲಿ ನಿವೇಶನ, ಹೀಗೆ ಹತ್ತು ಕಡೆ ಇಟ್ಟು ಗಿಡ ಎಣಿಸಿ ಬರೆದಿಡಿ. ಉಳುಮೆಯಾಗುವ ಹೊಲಕ್ಕಿಂತ ಯಾರೂ ಮುಟ್ಟದ ಅಂಚಿನಲ್ಲೇ ಹೆಚ್ಚು ಸಿಗುವುದು ಸಾಮಾನ್ಯ. ಹೊಲ ಮಾತ್ರ ಸ್ವಚ್ಛ ಮಾಡಿದರೆ ಬೀಜ ಅಂಚಿನಿಂದ ಮತ್ತೆ ಬರುತ್ತದೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ!

ಮಳೆ ಬಿದ್ದು ಮೊಳೆತ ಗಿಡವನ್ನು ಹೂ ಬಿಡುವ ಮುನ್ನವೇ, ನೆಲ ಹಸಿಯಾಗಿರುವಾಗ ಬೇರುಸಹಿತ ಕೀಳಬೇಕು. ಕೈಗವಸು, ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲಿ. ಕೆಲಸ ಮುಗಿದೊಡನೆ ಸ್ನಾನ ಮಾಡಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಅಲರ್ಜಿ ಇರುವವರು, ಉಬ್ಬಸದವರು ಈ ಕೆಲಸಕ್ಕೆ ಇಳಿಯಬಾರದು. 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಮೆಕ್ಸಿಕೋದ ದುಂಬಿ ಮಳೆಗಾಲದಲ್ಲಿ ಇದರ ಎಲೆ ತಿನ್ನುತ್ತದೆ. ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ.

ತುರಿಕೆ ಮರುಕಳಿಸುತ್ತಿದ್ದರೆ ಚರ್ಮರೋಗ ತಜ್ಞರನ್ನು ಕಾಣಿರಿ. ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪ್ಯಾಚ್ ಪರೀಕ್ಷೆಯಿಂದ ಕಾರಣ ತಿಳಿಯುತ್ತದೆ. ಇದೇ ಕುಟುಂಬಕ್ಕೆ ಸೇರಿದ ಸೇವಂತಿಗೆಯೂ ಕೆಲವರಿಗೆ ಆಗುವುದಿಲ್ಲ. ಸ್ಟೀರಾಯ್ಡ್ ಮುಲಾಮನ್ನು ತಾನಾಗಿ ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ವೈದ್ಯರ ಬಳಿ ಹೋಗುವಾಗ ಕಳೆ ಎಣಿಸಿದ ಪುಸ್ತಕವನ್ನೂ ಒಯ್ಯಿರಿ.