ತಂತಿ ಮೇಲೆ ಕೂಡದ ಹಕ್ಕಿ: ಸುಣ್ಣ ಬಳಿಯುವ ಮುನ್ನ ಸೂರು ನೋಡ್ರಿ!

ಸಂಜೆ ಬಸ್ಸಿಗೆ ಕಾಯುವವರು ಒಮ್ಮೆ ತಲೆ ಎತ್ತಿ ನೋಡಲಿ. ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ, ಊರು ಯಾವುದಾದರೂ ಸರಿ, ಹಳೇ ಕಟ್ಟಡಗಳ ಮೇಲೆ ಕಿರಿಚುತ್ತ ಸುತ್ತು ಹಾಕುವ ಕರಿಹಕ್ಕಿಗಳ ಹಿಂಡು ಕಂಡೀತು. ಕುಡುಗೋಲಿನಂತೆ ಬಾಗಿದ ರೆಕ್ಕೆ, ಗಿಡ್ಡ ಬಾಲ, ಬಾಲದ ಬುಡದಲ್ಲಿ ಸುಣ್ಣ ಬಳಿದಂಥ ಬಿಳಿ ಪಟ್ಟಿ. "ಗುಬ್ಬಿ ಇರಬೇಕು ಬಿಡ್ರಿ" ಎನ್ನುವವರೇ ಬಹಳ. ಅದು ಗುಬ್ಬಿಯಲ್ಲ. ಚಳಿಗಾಲದಲ್ಲಿ ತಂತಿ ಮೇಲೆ ಸಾಲುಗಟ್ಟುವ ಕವಲುತೋಕೆಯೂ ಅಲ್ಲ. ಅದು ಬಾನಾಡಿ.

ಗುರುತು ಸುಲಭ. ತಂತಿ ಮೇಲೆ ಕುಳಿತಿದ್ದರೆ ಅದು ಬಾನಾಡಿ ಅಲ್ಲವೇ ಅಲ್ಲ. ಇದರ ಕಾಲು ಬಲು ಗಿಡ್ಡ. ಗೋಡೆಗೆ ಜೋತು ಬೀಳಬಲ್ಲದು, ಟೊಂಗೆ ಹಿಡಿದು ಕೂಡಲಾರದು. ಪಂಡಿತರು ಇಟ್ಟ 'ಏಪಸ್' ಎಂಬ ಹೆಸರಿನ ಅರ್ಥವೇ 'ಕಾಲಿಲ್ಲದ್ದು'! ಉಣ್ಣುವುದು, ನೀರು ಕುಡಿಯುವುದು ಎಲ್ಲ ಹಾರುತ್ತಲೇ.

ಜೋಗದ ಬಂಡೆಗಳಲ್ಲಿ ಇದರ ದೊಡ್ಡ ದಾಯಾದಿ ಉಂಟು. ಅದೇ ಜಾತಿಯ ಮೂರು ಹಕ್ಕಿಗಳಿಗೆ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಪುಟ್ಟ ಯಂತ್ರ ಕಟ್ಟಿ ಬಿಟ್ಟರು. 200 ದಿನ ಅವು ಎಲ್ಲಿಯೂ ಇಳಿದೇ ಇರಲಿಲ್ಲ ಎಂದು 2013ರಲ್ಲಿ ವರದಿ ಮಾಡಿದರು.

ಅಂಥ ಹಾರಾಟದ ಕುಲಕ್ಕೂ ಮೊಟ್ಟೆ ಇಡಲು ಒಂದು ಆಸರೆ ಬೇಕಷ್ಟೆ? ದಾಯಾದಿಗೆ ಬಂಡೆ ಇದ್ದಹಾಗೆ ನಮ್ಮೂರಿನದಕ್ಕೆ ನಮ್ಮ ಸೂರು. ಹಳೇ ಗುಡಿ, ಕಮಾನು, ಅಂಗಡಿ ಸಾಲಿನ ಜಂತಿಯ ಮೂಲೆ ಇದಕ್ಕೆ ಪ್ರೀತಿ. ಗಾಳಿಯಲ್ಲಿ ತೇಲುವ ಗರಿ, ಹುಲ್ಲೆಳೆಗಳನ್ನು ಹಾರುತ್ತಲೇ ಹಿಡಿದು, ತನ್ನ ಜೊಲ್ಲಿನಿಂದ ಅಂಟಿಸಿ ಗೂಡು ಕಟ್ಟುತ್ತದೆ. ಎರಡು, ಮೂರು ಮೊಟ್ಟೆ. ಕಾವು ಸುಮಾರು ಮೂರು ವಾರ, ಮರಿ ಹಾರಲು ಮತ್ತೆ ಐದಾರು ವಾರ. ಅದೇ ಗೂಡನ್ನು ಮರುವರ್ಷ ದುರಸ್ತಿ ಮಾಡಿಕೊಂಡು ಬಳಸುವುದೂ ಉಂಟು.

ತೊಂದರೆ ಇರುವುದು ಇಲ್ಲೇ. ಯುಗಾದಿ, ಜಾತ್ರೆ ಬಂತೆಂದರೆ ಸುಣ್ಣ ಬಣ್ಣ ಶುರು. ಮರಿ ಇರುವ ಕಾಲವೂ ಅದೇ. ಉದ್ದನೆ ಕೋಲಿಗೆ ಕಸಬರಿಗೆ ಕಟ್ಟಿ ಒಮ್ಮೆ ಎಳೆದರೆ ಸಾಕು, ಹತ್ತಾರು ಗೂಡು ಮರಿ ಸಮೇತ ನೆಲಕ್ಕೆ. ಇನ್ನು ಹೊಸ ಕಾಂಪ್ಲೆಕ್ಸುಗಳ ನುಣುಪು ಗೋಡೆಯಲ್ಲಿ ಗೂಡಿಗೆ ಮೂಲೆಯೇ ಸಿಗುವುದಿಲ್ಲ.

ಅಂಗಡಿಕಾರರ ದೂರೂ ಸುಳ್ಳಲ್ಲ. ಹಿಕ್ಕೆ ಸಾಮಾನಿನ ಮೇಲೆ ಬಿದ್ದರೆ ಗಿರಾಕಿ ಮೂಗು ಮುರಿಯುತ್ತಾನೆ. ಅದಕ್ಕೆ ಗೂಡಿನ ಕೆಳಗೆ ಒಂದು ಹಲಗೆ ಹೊಡೆದರಾಯಿತು. ನೊಣ, ರೆಕ್ಕೆಗೆದ್ದಲು ಹಿಡಿದು ತಿನ್ನುವ ಹಕ್ಕಿ, ಕಾಳುಕಡಿಗೆ ಬಾಯಿ ಹಾಕುವುದಿಲ್ಲ.

ಮರಿಯ ಚಿಲಿಪಿಲಿ ಕೇಳಿದರೆ ಸುಣ್ಣದವನಿಗೆ "ಆ ಮೂಲಿ ಬಿಡಪಾ, ಎರಡು ತಿಂಗಳು ತಡೀ" ಎಂದರೆ ಸಾಕು. ದೊಡ್ಡ ಹಕ್ಕಿ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದರೆ ಸತ್ತಿತೆಂದು ಗುಡಿಸಬೇಡಿ. ಉದ್ದ ರೆಕ್ಕೆ, ಗಿಡ್ಡ ಕಾಲಿನಿಂದಾಗಿ ನೆಲದಿಂದ ಏಳುವುದು ಅದಕ್ಕೆ ಕಷ್ಟ. ಗಾಯವಿಲ್ಲದಿದ್ದರೆ ಬಯಲಿಗೆ ಒಯ್ದು, ಅಂಗೈ ಮೇಲಿಟ್ಟು ಕೈ ಎತ್ತಿ ಹಿಡಿಯಿರಿ, ಎಸೆಯಬೇಡಿ. ತಾನೇ ಹಾರಿ ಹೋದೀತು.