ಎಳೆಗೂಸಿನ ಏದುಸಿರು

ಹಾಲು ಕುಡಿಯುವ ಕೂಸು ನಡುನಡುವೆ ಬಿಟ್ಟು ಏದುತ್ತದೆ. ಹಣೆಯಲ್ಲಿ ಬೆವರು ಮೂಡುತ್ತದೆ. ತಿಂಗಳು ಕಳೆದರೂ ತೂಕ ಏರುವುದಿಲ್ಲ. ಮನೆಯ ಹಿರಿಯರು ಕಫವೆನ್ನುತ್ತಾರೆ, ನೆರೆಯವರು ದೃಷ್ಟಿಯೆನ್ನುತ್ತಾರೆ. ಅನೇಕ ವೇಳೆ ಅದು ನೆಗಡಿ, ಕೆಮ್ಮೇ ಆಗಿದ್ದು ವಾಸಿಯಾಗುವುದುಂಟು. ಆದರೆ ಅಪರೂಪಕ್ಕೊಮ್ಮೆ, ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳೇ ಕಿರಿದಾಗಿರುತ್ತವೆ. ಈ ರೋಗದ ವಿಷಯವಾಗಿ ಓದುಗರು ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು.

ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ವ್ಯಾಕರಣ ಸೂತ್ರಗಳಿಗಿರುವಂತೆ ಇದಕ್ಕೂ ಅಪವಾದವುಂಟು. ಶ್ವಾಸಕೋಶದ ಅಭಿಧಮನಿಗಳು ಆಮ್ಲಜನಕ ತುಂಬಿದ ರಕ್ತವನ್ನೇ ಹೊರುತ್ತವೆ. ಸಾಮಾನ್ಯವಾಗಿ ಬಲಕ್ಕೆ ಎರಡು, ಎಡಕ್ಕೆ ಎರಡು. ನಾಲ್ಕೂ ಹೃದಯದ ಎಡಗಡೆಯ ಮೇಲಿನ ಕೋಣೆಯನ್ನು ಸೇರುತ್ತವೆ.

ಇವು ಕಿರಿದಾದರೆ ಆಗುವುದೇನು? ವಿಶ್ವೇಶ್ವರಯ್ಯ ನಾಲೆಯ ನೀರನ್ನು ಬಲ್ಲ ನಮ್ಮ ಮಳವಳ್ಳಿ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಗದ್ದೆಗೆ ನೀರು ಬರುತ್ತಲೇ ಇದ್ದು, ಹೊರಹೋಗುವ ದಾರಿ ಕಟ್ಟಿಕೊಂಡರೆ ನೀರು ನಿಂತು ಬದುವಿನಿಂದ ಜಿನುಗುತ್ತದೆ. ಹಾಗೆಯೇ ಶ್ವಾಸಕೋಶದಲ್ಲಿ ರಕ್ತದ ಒತ್ತಡವೇರಿ, ನೀರಿನಂಶ ಗಾಳಿಗೂಡುಗಳತ್ತ ಒಸರುತ್ತದೆ. ಆ ಒತ್ತಡಕ್ಕೆ ಎದುರಾಗಿ ರಕ್ತವನ್ನು ದೂಡಿ ದೂಡಿ ಹೃದಯದ ಬಲಭಾಗ ಸೋಲುತ್ತದೆ.

ದಿನ ತುಂಬುವ ಮೊದಲೇ ಹುಟ್ಟಿ ಬಹುಕಾಲ ಉಸಿರಾಟಕ್ಕೆ ಆಸರೆ ಪಡೆದ ಕೂಸುಗಳಲ್ಲಿ ಇದರ ಭಯ ಹೆಚ್ಚು. ಈ ನಾಳಗಳು ಹುಟ್ಟಿನಿಂದಲೇ ತಪ್ಪು ಎಡೆಗೆ ಕೂಡಿದ್ದು, ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿದ ಕೂಸುಗಳಲ್ಲಿಯೂ ಕೆಲವಕ್ಕೆ ಇದು ಬರುವುದುಂಟು.

ರೋಗ ನ್ಯುಮೋನಿಯಾದ ವೇಷದಲ್ಲಿ ಬರುವುದರಿಂದ ಪತ್ತೆ ತಡವಾಗುತ್ತದೆ. ಮೊದಲ ಪರೀಕ್ಷೆ ಎಕೋ. ಶಬ್ದತರಂಗಗಳಿಂದ ಹೃದಯವನ್ನು ನೋಡುವ ಈ ವಿಧಾನದಲ್ಲಿ ನೋವಿಲ್ಲ. ನಾಲ್ಕು ನಾಳಗಳನ್ನೂ ಬೇರೆಬೇರೆಯಾಗಿ ಹುಡುಕಿ ನೋಡಬೇಕಾಗುತ್ತದೆ. ಸಂದೇಹ ಉಳಿದರೆ ಬಣ್ಣದ್ರವ ಕೊಟ್ಟು ಸಿ.ಟಿ. ಚಿತ್ರ ತೆಗೆಯುತ್ತಾರೆ, ತೊಡೆಯ ಸಂದಿಯ ನಾಳದಿಂದ ಸಣ್ಣ ಕೊಳವೆ ಹಾಯಿಸಿ ಒತ್ತಡವನ್ನೂ ಅಳೆಯುತ್ತಾರೆ.

ಅದೇ ಕೊಳವೆಯ ತುದಿಯಲ್ಲಿ ಬಲೂನು ಉಬ್ಬಿಸಿ ನಾಳವನ್ನು ಹಿಗ್ಗಿಸುವುದು ಒಂದು ಚಿಕಿತ್ಸೆ. ಸ್ಟೆಂಟ್ ಎಂಬ ಜಾಲರಿಯನ್ನು ಇರಿಸುವುದೂ ಉಂಟು. ಶಸ್ತ್ರಚಿಕಿತ್ಸೆಯಲ್ಲಿ ಕಿರಿದಾದ ಭಾಗವನ್ನು ಸೀಳಿ, ನಾಳದ ಅಂಚಿಗೆ ಹೊಲಿಗೆ ತಾಗದಂತೆ ಹೃದಯದ ಹೊರಪೊರೆಯನ್ನೇ ಬಳಸಿ ಜೋಡಿಸುತ್ತಾರೆ. ಹೊಲಿಗೆಯ ಗಾಯವೇ ಮತ್ತೆ ಬಿಗಿದುಕೊಳ್ಳಬಹುದೆಂಬುದು ಇದರ ಹಿಂದಿನ ಯೋಚನೆ. ಆದರೂ ನಾಳದ ಒಳಗೋಡೆಯ ಜೀವಕೋಶಗಳು ಮಿತಿಮೀರಿ ಬೆಳೆದು ದಾರಿಯನ್ನು ಮತ್ತೆ ಮುಚ್ಚುವುದುಂಟು. ಅದನ್ನು ತಡೆಯಲು ಈಚೆಗೆ ಕೆಲವು ಕೇಂದ್ರಗಳಲ್ಲಿ ಸಿರೋಲಿಮಸ್ ಎಂಬ ಔಷಧವನ್ನು ಬಳಸುತ್ತಿದ್ದಾರೆ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಮದ್ದು ಅದು. ಎಲ್ಲ ನಾಳಗಳೂ ಕೆಟ್ಟ ಕೂಸನ್ನು ಉಳಿಸುವುದು ಇಂದಿಗೂ ಕಷ್ಟವೇ. ಆದುದರಿಂದಲೇ ಬೇಗ ಗುರುತಿಸುವುದಕ್ಕೆ ಇಷ್ಟು ಬೆಲೆ.

ಮನೆಯವರು ಮಾಡಬಹುದಾದುದೇನು? ಕೂಸು ಶಾಂತವಾಗಿರುವಾಗ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನ ಕೂಸಿಗೆ 60, ಅಲ್ಲಿಂದ ವರ್ಷದವರೆಗೆ 50, ಅಥವಾ ಅದಕ್ಕೂ ಹೆಚ್ಚಾದರೆ ವೈದ್ಯರಿಗೆ ತೋರಿಸಬೇಕು. ತುಟಿ ನೀಲಿಯಾದರೆ, ಪಕ್ಕೆ ಸೆಳೆದರೆ ಒಂದು ಗಳಿಗೆಯೂ ತಡೆಯಬಾರದು. ನ್ಯುಮೋನಿಯಾ ಮರಳಿ ಮರಳಿ ಬಂದರೆ, "ಹೃದಯವನ್ನೂ ಪರೀಕ್ಷಿಸಬೇಕೆ?" ಎಂದು ಸಂಕೋಚವಿಲ್ಲದೆ ಕೇಳಿರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬಂದ ಹೃದ್ರೋಗದ ತಪಾಸಣೆಯೂ ಸೇರಿದೆ. ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯನ್ನು ವಿಚಾರಿಸಬಹುದು. ಹೆಚ್ಚಿನ ಪರೀಕ್ಷೆಗೆ ಮಂಡ್ಯದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯುಂಟು. ಹೃದಯಕ್ಕಾಗಿಯೇ ಇರುವ ಜಯದೇವ ಸಂಸ್ಥೆಯು ಮೈಸೂರು, ಬೆಂಗಳೂರುಗಳೆರಡರಲ್ಲಿಯೂ ಇದೆ.

ಚಿಕಿತ್ಸೆಯಾದ ಮೇಲೆ ಕೂಸು ನಗುನಗುತ್ತ ಆಡುತ್ತಿದ್ದರೂ, ವೈದ್ಯರು ಹೇಳಿದ ದಿನಕ್ಕೆ ಮರುಪರೀಕ್ಷೆಗೆ ಕರೆದೊಯ್ಯುವುದನ್ನು ತಪ್ಪಿಸಬೇಡಿರಿ. ಈ ನಾಳಗಳು ಸದ್ದಿಲ್ಲದೆ ಮತ್ತೆ ಕಿರಿದಾಗಬಲ್ಲವು.